ಮೂರು ಕಚೇರಿಗಳ ಹೂಂ

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಹೂಂ ಮೇಡಂ. ಆ ಹೆಸರು ಯಾರು ಇಟ್ಟದ್ದೋ ಗೊತ್ತಿಲ್ಲ, ಆದರೆ ಇಡುವುದಕ್ಕೆ ಕಾರಣವಿತ್ತು. ದಿನಕ್ಕೆ ನಲವತ್ತು ಸಲವಾದರೂ ಅವಳ ಬಾಯಲ್ಲಿ ಒಂದೇ ಮಾತು: "ಎಲ್ಲರೂ ಹೂಂ ಅಂದ್ರಾ?" ಅಂದಿದ್ದಾರೆ ಎಂದರೆ ಮುಂದಿನ ಕೆಲಸ. ಒಬ್ಬರು ಊಹೂಂ ಎಂದರೂ ಕಡತ ಮುಚ್ಚಿ ಬದಿಗಿಡುತ್ತಿದ್ದಳು. ಏನೂ ಹೇಳದಿದ್ದರೆ ಸುಮ್ಮನೆ ಕೂತು ಕಾಯುತ್ತಿದ್ದಳು. ಆ ಕಾಯುವುದೇ ಕಚೇರಿಯ ಮಿಕ್ಕವರಿಗೆ ತಲೆನೋವು.

ಶಾಲಾ ಇಲಾಖೆಯ ಮುಖ್ಯ ಕಚೇರಿಯಲ್ಲಿ, ಎರಡನೆಯ ಮಹಡಿಯ ಮೂಲೆಯ ಕೋಣೆ ಅವಳದು. ಕೆಲಸ, ಮೇಷ್ಟ್ರುಗಳ ಪರಸ್ಪರ ವರ್ಗಾವಣೆ. ಒಂದೂರಿನ ಮೇಷ್ಟ್ರು ಇನ್ನೊಂದೂರಿಗೆ ಹೋಗಬೇಕೆಂದರೆ ಅಲ್ಲಿಯವರೊಬ್ಬರು ಇಲ್ಲಿಗೆ ಬರಲು ಒಪ್ಪಬೇಕು. ಇಬ್ಬರಲ್ಲಿ ಹೊಂದದಿದ್ದರೆ ಮೂವರಲ್ಲಿ ಹೊಂದೀತು: ಇವರು ಅಲ್ಲಿಗೆ, ಅವರು ಮತ್ತೊಂದು ಕಡೆಗೆ, ಅಲ್ಲಿಯವರು ಇಲ್ಲಿಗೆ. ಕೇಳುವುದಕ್ಕೆ ಸುಲಭ. ತೊಡಕು ಇದ್ದದ್ದು ಬೇರೆ ಕಡೆ. ಇಲಾಖೆಗೆ ಹನ್ನೊಂದು ವಲಯ ಕಚೇರಿಗಳು, ಒಂದೊಂದಕ್ಕೂ ತನ್ನದೇ ಡೇಟಾಬೇಸ್. ಒಂದೊಂದನ್ನು ಒಂದೊಂದು ಕಾಲದಲ್ಲಿ, ಒಂದೊಂದು ಕಂಪನಿಯಿಂದ ಕೊಂಡದ್ದು. ಇದರ ಮಾತು ಅದಕ್ಕೆ ತಿಳಿಯದು. ಒಂದು ಕಡೆ ಹೆಸರು ತೆಗೆದು, ಇನ್ನೊಂದು ಕಡೆ ಸೇರಿಸುವಷ್ಟರಲ್ಲಿ ನಡುವೆ ಏನಾದರೂ ಕೆಟ್ಟರೆ, ಒಂದು ಶಾಲೆಗೆ ಇಬ್ಬರು ಲೆಕ್ಕದ ಮೇಷ್ಟ್ರು, ಇನ್ನೊಂದಕ್ಕೆ ಯಾರೂ ಇಲ್ಲ. ಆಗುವುದಾದರೆ ಮೂರೂ ಕಡೆ ಒಟ್ಟಿಗೆ ಆಗಬೇಕು, ಇಲ್ಲವಾದರೆ ಎಲ್ಲೂ ಆಗಬಾರದು. ಅದನ್ನು ನೋಡಿಕೊಳ್ಳುವುದಕ್ಕೇ ಅವಳು ಇದ್ದದ್ದು.

ಅವಳು ಕೆಲಸಕ್ಕೆ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಇಪ್ಪತ್ತಮೂರು ವರ್ಷದ ಟೆಲಿಫೋನ್ ಗುಮಾಸ್ತೆ. ವರ್ಗಾವಣೆಯ ಆದೇಶಗಳು ಟಪಾಲಿನಲ್ಲಿ ಹೋಗುತ್ತಿದ್ದವು. ಮೊದಲ ವರ್ಷವೇ ಒಂದು ಬೆಳಿಗ್ಗೆ ಹೊಲಿಗೆ ಟೀಚರೊಬ್ಬರು ಎರಡು ಟ್ರಂಕು, ಒಂದು ಸುರುಳಿ ಹಾಸಿಗೆ, ಒಂದು ಹೊಲಿಗೆ ಯಂತ್ರದ ಸಮೇತ ಕಚೇರಿಯ ಬಾಗಿಲಿಗೆ ಬಂದಿಳಿದರು. ಹಳೆಯ ಶಾಲೆಯವರು ಆದೇಶ ಬಂತೆಂದು ಅವರನ್ನು ಬಿಡುಗಡೆ ಮಾಡಿ ಕಳಿಸಿದ್ದರು. ಹೊಸ ಶಾಲೆಯವರು ಆದೇಶ ಬಂದಿಲ್ಲ, ಜಾಗ ಖಾಲಿ ಇಲ್ಲ ಎಂದು ಗೇಟಿನಿಂದಲೇ ವಾಪಸು ಕಳಿಸಿದ್ದರು. "ನಾನೀಗ ಎಲ್ಲಿ ಟೀಚರು?" ಎಂದು ಅವರು ಕೇಳಿದರು. ಒಂಬತ್ತು ದಿನ ಅವರು ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕೂತರು. ಮೂರನೆಯ ದಿನದಿಂದ ಟ್ರಂಕಿನ ಮೇಲೆ ಯಂತ್ರವಿಟ್ಟುಕೊಂಡು ಕಚೇರಿಯವರ ಹರಿದ ಚೀಲ, ಪರದೆಗಳನ್ನು ಹೊಲಿಯತೊಡಗಿದರು.

ಅದಾದ ಮೇಲೆ ಟೆಲಿಫೋನ್ ಗುಮಾಸ್ತೆ ಯಾರನ್ನೂ ಕೇಳದೆ ತನ್ನದೊಂದು ಪದ್ಧತಿ ಮಾಡಿಕೊಂಡಳು. ಆದೇಶ ಟಪಾಲಿಗೆ ಹಾಕುವ ಮುಂಚೆ ಸಂಬಂಧಪಟ್ಟ ಕಚೇರಿಗಳಿಗೆಲ್ಲ ಫೋನು ಮಾಡುವುದು. "ಇಂಥವರನ್ನು ಬಿಡೋಕೆ, ಇಂಥವರನ್ನು ಸೇರಿಸ್ಕೊಳ್ಳೋಕೆ ತಯಾರಾ? ತಯಾರಿದ್ರೆ ಹೂಂ ಅನ್ನಿ. ಹೂಂ ಅಂದ ಮೇಲೆ ಆ ಹೆಸರನ್ನ ಯಾರೂ ಮುಟ್ಟಬಾರದು, ನಾನು ಮತ್ತೆ ಫೋನ್ ಮಾಡೋವರೆಗೆ." ಎಲ್ಲರೂ ಹೂಂ ಎಂದ ಮೇಲೆ ನೋಟ್‌ಬುಕ್ಕಿನಲ್ಲಿ 'ಮಾಡುವುದು' ಎಂದು ಬರೆದು ಗಂಟೆ ಹಾಕುತ್ತಿದ್ದಳು. ಬರೆದಾದ ಮೇಲೆಯೇ ಎರಡನೆಯ ಸುತ್ತಿನ ಫೋನು: "ಮಾಡಿ." ಬರೆಯುವುದು ಮೊದಲು, ಹೇಳುವುದು ಆಮೇಲೆ. ಹೇಳುತ್ತಿರುವಾಗ ತಾನು ಮೂರ್ಛೆ ಬಿದ್ದರೂ ನೋಟ್‌ಬುಕ್ ನೋಡಿ ಇನ್ನೊಬ್ಬರು ಮುಂದುವರಿಸಬಹುದಲ್ಲ ಎಂಬುದು ಅವಳ ಲೆಕ್ಕಾಚಾರ.

ಹದಿನಾಲ್ಕು ವರ್ಷದ ನಂತರ ಎಲ್ಲ ಕಚೇರಿಗಳಿಗೂ ಕಂಪ್ಯೂಟರ್ ಬಂದಾಗ ಕಂಪನಿಯಿಂದ ಒಬ್ಬ ಇಂಜಿನಿಯರ್ ಹೆಂಗಸು ಬಂದಳು. ಹೂಂ ಮೇಡಂ ತನ್ನ ನೋಟ್‌ಬುಕ್ ತೆರೆದು ಎರಡು ಸುತ್ತನ್ನೂ ವಿವರಿಸಿದಳು. ಇಂಜಿನಿಯರ್ ಪುಟ ತಿರುವುತ್ತ ತಿರುವುತ್ತ ನಕ್ಕಳು.

"ಇದನ್ನ ಯಾರು ಹೇಳ್ಕೊಟ್ರು ನಿಮಗೆ?"

"ಯಾರೂ ಇಲ್ಲ. ಯಾಕೆ, ತಪ್ಪಾ?"

"ತಪ್ಪೇನಿಲ್ಲ. ನಮ್ಮ ಕಸುಬಲ್ಲಿ ಇದೇ ಪದ್ಧತಿ. ಪುಸ್ತಕದಲ್ಲೇ ಇದೆ."

ಹೂಂ ಮೇಡಂಗೆ ಒಂದು ಕ್ಷಣ ಸಂತೋಷವಾಯಿತು, ಮರುಕ್ಷಣ ಸ್ವಲ್ಪ ಬೇಸರವೂ ಆಯಿತು. ತನ್ನದು ಎಂದುಕೊಂಡದ್ದು ಆಗಲೇ ಊರವರದಾಗಿತ್ತು. ಆದರೂ ಆ ಇಂಜಿನಿಯರ್ ಜೊತೆ ಎಂಟು ತಿಂಗಳು ಕೂತು ಕಲಿತಳು. ಫೋನಿನ ಬದಲು ಈಗ ಪ್ರೋಗ್ರಾಂ ಕೇಳುತ್ತಿತ್ತು. ಆಯಾ ಕಚೇರಿಯ ಡೇಟಾಬೇಸ್ ತನ್ನ ಹೂಂ ಅನ್ನು ತನ್ನ ಡಿಸ್ಕಿನಲ್ಲಿ ಬರೆದುಕೊಂಡು, ಆ ಮೇಷ್ಟ್ರ ಹೆಸರಿರುವ ಸಾಲಿಗೆ ಯಾರೂ ಮುಟ್ಟದಂತೆ ಬೀಗ ಹಾಕಿ, ಮುಂದಿನ ಮಾತಿಗೆ ಕಾಯುತ್ತಿತ್ತು. ಮುಖ್ಯ ಕಚೇರಿಯ ಯಂತ್ರ ತೀರ್ಮಾನವನ್ನು ಮೊದಲು ಬರೆದುಕೊಂಡು, ಆಮೇಲೆ ಒಬ್ಬೊಬ್ಬರಿಗೇ 'ಮಾಡಿ' ಎನ್ನುತ್ತಿತ್ತು. ಪರದೆಯ ಮೇಲೆ ಬರುವ ಉತ್ತರ ಏನಿರಬೇಕು ಎಂದು ಇಂಜಿನಿಯರ್ ಕೇಳಿದಾಗ ಅವಳು ಸಂಕೋಚವಿಲ್ಲದೆ 'ಹೂಂ' ಎಂದೇ ಹಾಕಿಸಿದಳು.

ಮನೆಯಲ್ಲಿ ಇದ್ದದ್ದು ಅತ್ತಿಗೆ ಒಬ್ಬಳೇ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ತವರಿಗೆ ಹೋಗಲಿಲ್ಲ, ನಾದಿನಿ ಮದುವೆಯಾಗಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಸದಾ ಸೋರುವ ಒಂದು ನಲ್ಲಿ. ನಲ್ಲಿಯ ವಿಷಯಕ್ಕೆ ವಾರಕ್ಕೊಂದು ಜಗಳ. ಅತ್ತಿಗೆಯ ಬಾಯಿ ದೊಡ್ಡದು.

"ದಿನವಿಡೀ 'ಹೂಂ ಅಂದ್ರಾ, ಹೂಂ ಅಂದ್ರಾ' ಅಂತ ಕೇಳೋದೂ ಒಂದು ಉದ್ಯೋಗವಾ? ನಾನು ಮನೇಲಿ ಕೂತು ನಿನಗೆ ಹೂಂಗುಡ್ತಾನೇ ಇದೀನಲ್ಲ, ನನಗೆ ಯಾರೂ ಕೆಲಸ ಕೊಡಲಿಲ್ಲ."

"ನೀನು ಯಾವತ್ತು ಹೂಂ ಅಂದಿದೀಯಾ ಅತ್ತಿಗೆ?" ಎನ್ನುತ್ತಿದ್ದಳು ಇವಳು.

ಹೀಗೇ ವರ್ಷಗಳು ಹೋದವು. ಅವಳಿಗೆ ಐವತ್ತೊಂದು ತುಂಬಿದ ವರ್ಷ, ಶಾಲೆಗಳು ತೆರೆಯುವ ವಾರದಲ್ಲಿ, ಆ ಮೂವರು ಲೆಕ್ಕದ ಮೇಷ್ಟ್ರುಗಳ ಪ್ರಸಂಗ ಬಂತು.

ಬಂದರಿನ ಶಾಲೆಯ ಮೇಷ್ಟ್ರು ನಗರಕ್ಕೆ ಹೋಗಬೇಕಿತ್ತು. ಅವರ ಹೆಂಡತಿಗೆ ಅಲ್ಲಿ ಕೆಲಸ. ನಗರದ ಮೇಷ್ಟ್ರಿಗೆ ದಮ್ಮು, ಗುಡ್ಡದ ಗಾಳಿ ಬೇಕಿತ್ತು. ಗುಡ್ಡದ ಶಾಲೆಯ ಟೀಚರಿಗೆ ಬಂದರಿನಲ್ಲಿ ವಯಸ್ಸಾದ ಚಿಕ್ಕಮ್ಮ ಒಬ್ಬರಿದ್ದರು. ಮೂವರದೂ ಚೆನ್ನಾಗಿ ಹೊಂದಿಕೊಂಡಿತ್ತು. ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ಪ್ರೋಗ್ರಾಂ ಮೂರೂ ಕಚೇರಿಗಳನ್ನು ಕೇಳಿತು. ನಗರ ಹೂಂ ಎಂದಿತು. ಬಂದರು ಹೂಂ ಎಂದಿತು. ಗುಡ್ಡದ ಸಂಪರ್ಕ ಯಾವಾಗಲೂ ನಿಧಾನ. ಎರಡು ನಿಮಿಷ ತಡೆದು ಅದೂ ಹೂಂ ಎಂದಿತು. ಅಷ್ಟು ಹೊತ್ತಿಗೆ ಮುಖ್ಯ ಯಂತ್ರದಿಂದ ಗರಗಸ ಎಳೆದ ಹಾಗೆ ಒಂದು ಸದ್ದು ಬಂದು ಪರದೆ ಕಪ್ಪಾಯಿತು.

ಡಿಸ್ಕು ಸತ್ತಿತ್ತು. ರಿಪೇರಿಯವನು ಬಂದು, ಕಳಚಿ, ಮೂಸಿ ನೋಡಿ, ಇದರಲ್ಲಿ ಇನ್ನೇನೂ ಉಳಿದಿಲ್ಲ ಎಂದ. ಹಿಂದಿನ ದಿನದ ಪ್ರತಿ ಇತ್ತು, ಆದರೆ ಹನ್ನೊಂದೂವರೆಯ ತೀರ್ಮಾನ ಅದರಲ್ಲಿ ಎಲ್ಲಿಂದ ಇದ್ದೀತು? ಯಂತ್ರ 'ಮಾಡುವುದು' ಎಂದು ಬರೆದುಕೊಂಡಿತ್ತೋ ಇಲ್ಲವೋ, ಬರೆದುಕೊಂಡು ಯಾರಿಗಾದರೂ 'ಮಾಡಿ' ಎಂದಿತ್ತೋ ಇಲ್ಲವೋ, ಹೇಳುವವರು ಯಾರೂ ಇಲ್ಲ.

ಅವಳು ಫೋನಿಗೆ ಕೈ ಹಾಕಿದಳು. ನಗರದವರು ಹೇಳಿದರು, "ನಮ್ಮದು ಹೂಂ ಅಂದು ಕಾಯ್ತಾ ಇದೆ. ಮಾಡಿ ಅಂತ ಬಂದಿಲ್ಲ." ಬಂದರಿನವರೂ ಅದನ್ನೇ ಹೇಳಿದರು. ಗುಡ್ಡದ ಫೋನು ಹೋಗಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಘಾಟಿಯಲ್ಲಿ ರಸ್ತೆ ಅಗಲ ಮಾಡುವವರು ಕೇಬಲ್ ಕಡಿದಿದ್ದಾರೆ. ಫೋನು, ಮೊಬೈಲು, ಡೇಟಾ ಎಲ್ಲ ಅದೊಂದರಲ್ಲೇ. ನಾಲ್ಕೈದು ದಿನ ಬೇಕು. ಎರಡೂ ಒಂದೇ ದಿನ ಆಗಬೇಕೆಂದೇನೂ ಇರಲಿಲ್ಲ. ಆದವು.

ಇಷ್ಟರಲ್ಲಿ ಬಂದರಿನ ಶಾಲೆಯಲ್ಲೂ ನಗರದ ಶಾಲೆಯಲ್ಲೂ ವೇಳಾಪಟ್ಟಿ ಅಚ್ಚಾಗದೆ ನಿಂತಿತು. ಬೀಗ ಬಿದ್ದ ಆ ಒಂದು ಸಾಲಿನ ಹತ್ತಿರ ಬಂದ ಕೂಡಲೇ ಕಂಪ್ಯೂಟರ್ ಕಾಯುತ್ತ ಕೂರುತ್ತಿತ್ತು. ಹೆಡ್‌ಮಾಸ್ಟರುಗಳು ಉಪನಿರ್ದೇಶಕರಿಗೆ ಒಂದರ ಮೇಲೊಂದು ಫೋನು ಮಾಡಿದರು. ಕಚೇರಿಯಲ್ಲಿ ಸಾಹೇಬರು ಎಂದರೆ ಇವರೇ. ಕೆಟ್ಟ ಮನುಷ್ಯರಲ್ಲ, ಕಾಯುವುದೆಂದರೆ ಆಗದು ಅಷ್ಟೇ. ಲಿಫ್ಟಿನ ಗುಂಡಿಯನ್ನು ಐದು ಸಲ ಒತ್ತುವ ಪೈಕಿ.

ಸಂಜೆ ಅವರು ಅವಳನ್ನು ಕರೆಸಿದರು.

"ಎರಡು ಕಡೆ ಆಗಿಲ್ಲ ಅಂತ ಗೊತ್ತಿದೆಯಲ್ಲ ಮೇಡಂ. ಮೂರನೇದೂ ಆಗಿರಲ್ಲ. ರದ್ದು ಮಾಡಿ, ಬೀಗ ತೆಗೀರಿ. ಮುಂದಿನ ತಿಂಗಳು ಮತ್ತೆ ಮಾಡಿದ್ರಾಯ್ತು."

"ಮೂರನೇದು ಆಗಿರಬಹುದು ಸರ್."

"ಅದು ಹೇಗೆ?"

"ಗುಡ್ಡದ ಲೈನು ನಿಧಾನ ಅಂತ ಅವರಿಗೇ ಮೊದಲು 'ಮಾಡಿ' ಅನ್ನೋ ಹಾಗೆ ನಾನೇ ಇಟ್ಟಿದ್ದೆ. ಯಂತ್ರ ಅವರಿಗೆ ಹೇಳಿ, ಉಳಿದಿಬ್ಬರಿಗೆ ಹೇಳೋದ್ರೊಳಗೆ ಸತ್ತಿರಬಹುದು. ಹಾಗಾಗಿದ್ರೆ ಆ ಟೀಚರ್‌ನ ಅಲ್ಲಿಂದ ಬಿಟ್ಟಾಗಿರುತ್ತೆ. ನಾವಿಲ್ಲಿ ರದ್ದು ಮಾಡಿದ್ರೆ ಆಕೆಗೆ ಎಲ್ಲೂ ಜಾಗ ಇರಲ್ಲ."

"ಹಾಗಾದ್ರೆ ಮಾಡೇಬಿಡಿ."

"ಗುಡ್ಡದವರಿಗೆ ಮುಟ್ಟದೇ ಇದ್ರೆ? ಅವರು ಬೀಗ ಹಾಕ್ಕೊಂಡು ಕೂತಿರ್ತಾರೆ, ಆದರೆ ಸಿಗ್ತಾ ಇಲ್ಲ. ಅಲ್ಲಿ ಯಾರಾದ್ರೂ ಬೇಸತ್ತು ಕೈಯಾರೆ ರದ್ದು ಮಾಡಿದ್ರೆ ಅದೂ ಎಡವಟ್ಟು. ನೋಡಬೇಕು ಸರ್."

"ಯಾರು ನೋಡೋದು?"

"ನಾನೇ ಹೋಗಿ ಬರ್ತೀನಿ."

ಸಾಹೇಬರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಎಂಟು ಗಂಟೆ ಬಸ್ಸಲ್ಲಿ ಕೂತು ಹೋಗಿ ಒಂದು ಸಾಲು ಓದ್ಕೊಂಡು ಬರ್ತೀರಾ?"

"ಹೌದು ಸರ್. ನಾನು ಬರೋವರೆಗೆ ಎರಡೂ ಕಡೆ ಯಾರೂ ಏನೂ ಮುಟ್ಟಬಾರದು."

"ಹೂಂ" ಎಂದರು ಸಾಹೇಬರು.

ಗುರುವಾರ ಮೊದಲ ಬಸ್ಸಿಗೆ ಹೊರಟಳು. ಅತ್ತಿಗೆ ಡಬ್ಬಿಯಲ್ಲಿ ಊಟ, ಒಂದು ಶಾಲು, ವಾಂತಿಗೆಂದು ಎರಡು ಪ್ಲಾಸ್ಟಿಕ್ ಚೀಲ ಕಟ್ಟಿಕೊಟ್ಟಳು. ಚೀಲ ಬೇಡವೆಂದರೂ ಕೇಳಲಿಲ್ಲ. ಘಾಟಿಯ ಏಳನೆಯ ತಿರುವಿನಲ್ಲಿ ಒಂದು ಬೇಕಾಯಿತು. ಕೇಬಲ್ ಕಡಿದ ಜಾಗದಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಕಡಿದ ಕೇಬಲ್ಲಿನ ತುದಿ ಮಣ್ಣಿನಿಂದ ಹೊರಗೆ ಬಂದಿತ್ತು, ಹೆಬ್ಬೆರಳಿನಷ್ಟು ದಪ್ಪ, ಒಳಗೆ ಕೂದಲೆಳೆಗಳಂಥ ಎಳೆಗಳು. ಇಷ್ಟು ವರ್ಷವೂ ಇದರೊಳಗೇ ತನ್ನ ಮಾತು ಓಡಾಡಿದ್ದು ಎಂದುಕೊಂಡಳು. ಎದುರಿನಿಂದ ಬಂದರಿಗೆ ಹೋಗುವ ಬಸ್ಸೊಂದು ಇಳಿದು ಬಂತು. ಅದರ ತಲೆಯ ಮೇಲೆ ಹಗ್ಗ ಬಿಗಿದ ಮಂಚ, ಬುಟ್ಟಿಗಳು. ಯಾರೋ ಮನೆ ಖಾಲಿ ಮಾಡಿರಬೇಕು ಎಂದುಕೊಂಡು ಆಮೇಲೆ ಮರೆತಳು.

ಗುಡ್ಡದ ವಲಯ ಕಚೇರಿ ಎಂದರೆ ತಗಡಿನ ಛಾವಣಿಯ ಮೂರು ಕೋಣೆ. ಅಲ್ಲಿಯ ಗುಮಾಸ್ತರ ದನಿ ಅವಳಿಗೆ ಇಪ್ಪತ್ತೆಂಟು ವರ್ಷದಿಂದ ಪರಿಚಯ. ಫೋನಿನ ಕಾಲದಲ್ಲಿ ಪ್ರತಿ ವಾರ ಅವರ ಹೂಂ ಕೇಳಿದ್ದಳು. ಬಾವಿಯೊಳಗಿಂದ ಬಂದ ಹಾಗೆ ಗಂಭೀರವಾದ ಹೂಂ. ಆರಡಿ ಎತ್ತರದ, ದಪ್ಪ ಮೀಸೆಯ ಮನುಷ್ಯನನ್ನು ಊಹಿಸಿಕೊಂಡಿದ್ದಳು. ಬಾಗಿಲು ತೆರೆದದ್ದು ಅವಳ ಭುಜಕ್ಕೆ ಬರುವ, ಮಫ್ಲರ್ ಸುತ್ತಿದ ಒಬ್ಬ ಬೋಳುತಲೆಯವರು.

"ಗುಮಾಸ್ತರು ಇದಾರಾ?" ಎಂದಳು.

"ನಾನೇ" ಎಂದಿತು ಆ ದನಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅವರೂ ಬೇರೆ ಯಾರನ್ನೋ ಊಹಿಸಿಕೊಂಡಿದ್ದಿರಬೇಕು. "ನೀವು ಇಷ್ಟು ಎತ್ತರ ಅಂತ ಗೊತ್ತಿರಲಿಲ್ಲ" ಎಂದರು. ಆಮೇಲೆ ಕುರ್ಚಿಯ ಮೇಲಿದ್ದ ಕಡತಗಳನ್ನು ನೆಲಕ್ಕಿಟ್ಟು, ಕೈಯಿಂದಲೇ ಧೂಳು ಒರೆಸಿ ಕೂರಿಸಿದರು. ಚಹಾ ತರಿಸಿದರು. ಅವಳು ಚಹಾ ಮುಟ್ಟುವ ಮೊದಲೇ ಕೇಳಿದಳು.

"ನಿನ್ನೆ 'ಮಾಡಿ' ಅಂತ ಬಂತಾ?"

"ಬಂತಲ್ಲ. ಹನ್ನೊಂದು ಗಂಟೆ ಮೂವತ್ತನಾಲ್ಕಕ್ಕೆ. ಬಂದ ಕೂಡ್ಲೇ ಆಯ್ತು."

ಅವರು ಯಂತ್ರ ತೆರೆದು ತೋರಿಸಿದರು. ಹೂಂ, ಮೂವತ್ತಮೂರು. ಮಾಡಿ, ಮೂವತ್ತನಾಲ್ಕು. ಮುಗಿಯಿತು, ಮೂವತ್ತನಾಲ್ಕು. ಅವಳು ಅದನ್ನು ಎರಡು ಪ್ರತಿ ಅಚ್ಚು ಹಾಕಿಸಿ, ಗುಮಾಸ್ತರ ಸಹಿ, ಕಚೇರಿಯ ಮೊಹರು ಹಾಕಿಸಿಕೊಂಡಳು.

"ಟೀಚರ್ ಎಲ್ಲಿ?"

"ಬಿಡುಗಡೆ ಪತ್ರ ನಿನ್ನೆ ಮಧ್ಯಾಹ್ನವೇ ಕೊಟ್ವಿ. ಇವತ್ತು ಬೆಳಿಗ್ಗೆ ಸಾಮಾನು ಹೇರ್ಕೊಂಡು ಬಂದರಿನ ಬಸ್ಸಿಗೆ ಹೊರಟ್ರು. ದಾರೀಲಿ ನಿಮಗೆ ಎದುರಾಗಿರಬೇಕು."

ಆ ರಾತ್ರಿ ಗುಮಾಸ್ತರ ಮನೆಯಲ್ಲಿ, ಅವರ ಮಗಳ ಕೋಣೆಯಲ್ಲಿ ಉಳಿದಳು. ಶುಕ್ರವಾರ ಬೆಳಿಗ್ಗೆ ಗುಡ್ಡ ಇಳಿದು, ಮೂರು ರಸ್ತೆ ಕೂಡುವ ಊರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಕ್ಕ ಕೂಡಲೇ ಬಂದರಿನ ಕಚೇರಿಗೆ ಫೋನು ಮಾಡಿದಳು.

"ಗುಡ್ಡದಲ್ಲಿ ಆಗಿದೆ. ನೀವೂ ಮಾಡಿ. ನಗರಕ್ಕೂ ಹೇಳ್ತೀನಿ."

"ಮೇಡಂ, ನಿನ್ನೆ ಮಧ್ಯಾಹ್ನ ಸಾಹೇಬರು ಫೋನ್ ಮಾಡಿ ರದ್ದು ಮಾಡಿ ಅಂದ್ರು. ಮಾಡಿದೀವಿ. ನಗರದವರೂ ಮಾಡಿದಾರೆ."

ಅವಳು ಬಸ್‌ನಿಲ್ದಾಣದ ಕಂಬಕ್ಕೆ ಒರಗಿ ನಿಂತಳು. ಸಿಟ್ಟು ಬಂತು, ಆದರೆ ಸಿಟ್ಟನ್ನು ತೋರಿಸುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಸಾಹೇಬರಿಗೆ ಫೋನು ಮಾಡಿದಳು.

"ಹೆಡ್‌ಮಾಸ್ಟರುಗಳು ತಲೆ ತಿಂದುಬಿಟ್ರು ಮೇಡಂ" ಎಂದರು ಅವರು. "ನಿಮ್ಮ ಫೋನೂ ಸಿಗಲಿಲ್ಲ. ಎಷ್ಟು ಹೊತ್ತು ಅಂತ ಕಾಯೋದು?"

"ನಾನು ಬರೋವರೆಗೆ ಅಂತ ಹೇಳಿದ್ದೆ ಸರ್."

"ಈಗೇನು ಮಾಡೋದು?"

"ಬಂದರಿಗೆ ಹೋಗ್ತೀನಿ."

ಊರಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಬಂದರಿನ ಬಸ್ಸು ಹತ್ತಿದಳು.

ಬಂದರಿನ ಶಾಲೆಗೆ ಮುಟ್ಟಿದಾಗ ಮೂರು ಗಂಟೆ. ಜಗಲಿಯ ಮೇಲೆ ಮಂಚದ ಹಲಗೆಗಳು, ಬುಟ್ಟಿಗಳು, ಪಾತ್ರೆಯ ಮೂಟೆ. ಅವುಗಳ ನಡುವೆ ಮೂವತ್ತೈದರ ಒಬ್ಬ ಹೆಂಗಸು ಕೂತು, ಯಾವುದೋ ತರಗತಿಯ ಲೆಕ್ಕದ ಪುಸ್ತಕ ತಿದ್ದುತ್ತಿದ್ದಳು. ಗುಡ್ಡದ ಟೀಚರ್. ಹೆಡ್‌ಮಾಸ್ಟರು ಇವರ ಹೆಸರು ನಮ್ಮಲ್ಲಿಲ್ಲ ಎಂದು ಬೆಳಿಗ್ಗೆಯೇ ಹೇಳಿದ್ದರಂತೆ, ಹೋಗಿ ಎನ್ನಲು ಮಾತ್ರ ಬಾಯಿ ಬಂದಿರಲಿಲ್ಲವಂತೆ.

"ಚಿಕ್ಕಮ್ಮನ ಮನೇಲಿ ಸಾಮಾನು ಇಡಬಹುದಿತ್ತಲ್ಲ?" ಎಂದಳು ಹೂಂ ಮೇಡಂ.

"ಇಟ್ಟುಬಿಟ್ರೆ ಇವರೆಲ್ಲ ನನ್ನ ಮರೆತುಬಿಡ್ತಾರೆ" ಎಂದಳು ಟೀಚರ್. "ಇಲ್ಲೇ ಕಣ್ಣಿಗೆ ಬೀಳ್ತಾ ಇರಲಿ ಅಂತ."

ಹೂಂ ಮೇಡಂ ಅವಳ ಕೈಗೆ ಮೊಹರು ಹಾಕಿದ ಒಂದು ಪ್ರತಿ ಕೊಟ್ಟು, "ನೀವು ಈ ಶಾಲೆಯ ಟೀಚರೇ. ಎರಡು ಗಂಟೆ ಕೊಡಿ" ಎಂದಳು.

ಅಚ್ಚಾದ ಕಾಗದದಲ್ಲಿ ಎಲ್ಲ ಸ್ಪಷ್ಟವಿತ್ತು. ಒಂದು ಕಡೆ ಆಗಿದೆ ಎಂದರೆ ಮೂರೂ ಕಡೆ ಆಗಬೇಕು. ಬಂದರಿನ ಕಚೇರಿಗೆ ಹೋಗಿ ರದ್ದು ಮಾಡಿದ್ದನ್ನು ಮತ್ತೆ ಕೈಯಾರೆ ಬರೆಸಬೇಕು, ನಗರದಲ್ಲೂ ಹಾಗೇ. ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಎಲ್ಲರೂ ಬುಧವಾರವೇ ಹೂಂ ಎಂದಾಗಿತ್ತು. ಆದರೂ ಅವಳು ಬಂದರಿನ ಮೇಷ್ಟ್ರನ್ನು ನೋಡಿ ಹೋಗೋಣ ಎಂದು ಅವರ ತರಗತಿಯ ಹೊರಗೆ ನಿಂತಳು.

ಮೇಷ್ಟ್ರು ಹಲಗೆಯ ಮೇಲೆ ವೃತ್ತ ಬರೆಯುತ್ತಿದ್ದರು. ದಾರವಿಲ್ಲದೆ, ಕೈವಾರವಿಲ್ಲದೆ, ಭುಜದಿಂದ ಒಂದೇ ಬೀಸಿಗೆ. ಮಕ್ಕಳು ಹೋ ಎಂದರು. ಅವರು ಇನ್ನೊಂದು ಬರೆದರು, ಅದರೊಳಗೆ ಮತ್ತೊಂದು. ಕೆಲಸ ಕಳೆದುಕೊಂಡು ಮತ್ತೆ ಪಡೆದವನ ಗೆಲುವು ಆ ಮುಖದಲ್ಲಿತ್ತು. ಗಂಟೆ ಹೊಡೆದ ಮೇಲೆ ಹೊರಗೆ ಬಂದರು. ಅವಳು ತಾನು ಯಾರೆಂದು ಹೇಳಿ, ನಡೆದದ್ದನ್ನು ವಿವರಿಸಿದಳು. ಅವರು ಕೇಳುತ್ತ ಕೇಳುತ್ತ ಕೈಯ ಸೀಮೆಸುಣ್ಣವನ್ನು ಎರಡು ತುಂಡು ಮಾಡಿದರು, ನಾಲ್ಕು ಮಾಡಿದರು.

"ಅಂದ್ರೆ ರದ್ದಾಗಿದ್ದು ರದ್ದಾಯ್ತು" ಎಂದರು.

"ಹೌದು."

"ನಿನ್ನೆ ರದ್ದಾಯ್ತು ಅಂದಾಗ ಹೆಂಡತಿಗೆ ಫೋನ್ ಮಾಡಿ ಹೇಳಿದೆ. ಅವಳು ಅತ್ತಳು. ನಾನೂ ಛೆ ಛೆ ಅಂದೆ." ಅವರು ಸೀಮೆಸುಣ್ಣದ ಚೂರುಗಳನ್ನು ಜೇಬಿಗೆ ಹಾಕಿಕೊಂಡರು. "ಆಮೇಲೆ ಸಮುದ್ರದ ಕಡೆ ವಾಕ್ ಹೋದೆ. ಹತ್ತು ವರ್ಷದಲ್ಲಿ ಅಷ್ಟು ಹಗುರಾಗಿ ನಡೆದಿರಲಿಲ್ಲ."

ಹೂಂ ಮೇಡಂ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆ ಹೂಂ ಎಂದವರನ್ನು ಎರಡನೆಯ ಸಲ ಕೇಳಿದವಳಲ್ಲ. ಅವಳ ಪದ್ಧತಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅಂದು ಕೇಳಿದಳು.

"ನಿಮಗೆ ಹೋಗೋಕೆ ಇಷ್ಟ ಇದೆಯಾ?"

ಅವರು ಜಗಲಿಯ ಮೇಲಿದ್ದ ಮಂಚದ ಹಲಗೆಗಳನ್ನೂ, ಅವುಗಳ ನಡುವೆ ತಲೆ ತಗ್ಗಿಸಿ ತಿದ್ದುತ್ತಿದ್ದ ಟೀಚರನ್ನೂ ನೋಡಿದರು.

"ಊಹೂಂ" ಎಂದರು.

ಅವಳು ತನ್ನ ಬಳಿ ಉಳಿದ ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟಳು.

"ಆದರೆ ನೀವು ಹೋಗಬೇಕಾಗುತ್ತೆ" ಎಂದಳು ಅವಳು. "ಈ ಜಾಗ ಈಗ ಅವರದು. ಬುಧವಾರ ಹನ್ನೊಂದೂವರೆಗೆ ನಿಮ್ಮ ಕಚೇರಿ ಹೂಂ ಅಂದದ್ದನ್ನ ನಂಬಿ ಅವರು ಮನೆ ಬಿಟ್ಟು ಬಂದಿದಾರೆ."

"ಗೊತ್ತು. ನೀವು ಕೇಳಿದ್ರಿ, ಅದಕ್ಕೆ ಹೇಳಿದೆ."

"ವಾಪಸ್ ಬರೋಕೆ ಹೊಸ ಅರ್ಜಿ ಹಾಕಿ. ಇಲ್ಲೇ ಬರ್ಕೊಡಿ, ನಾನೇ ತಗೊಂಡು ಹೋಗ್ತೀನಿ. ಜೊತೆ ಸಿಗೋದು ಯಾವಾಗ ಅಂತ ಮಾತ್ರ ಹೇಳೋಕಾಗಲ್ಲ."

ಅವರು ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು ಅರ್ಜಿ ಬರೆದುಕೊಟ್ಟರು. ಕಾರಣ ಎಂಬ ಜಾಗದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು, ಕೊನೆಗೆ 'ವೈಯಕ್ತಿಕ' ಎಂದು ಬರೆದರು. ಆಮೇಲೆ ಗುಡ್ಡದ ಟೀಚರಿಗೆ ಕಳೆದ ವರ್ಷ ಯಾವ ತರಗತಿಗೆ ಎಲ್ಲಿಯವರೆಗೆ ಮುಗಿದಿದೆ, ಯಾವ ಮಕ್ಕಳು ನೋಡದೆ ಬರೆಯುವವರು, ಯಾರು ಪಕ್ಕಕ್ಕೆ ಇಣುಕುವವರು ಎಂದೆಲ್ಲ ಒಂದು ಗಂಟೆ ಹೇಳಿದರು. ಮಂಚವನ್ನು ಚಿಕ್ಕಮ್ಮನ ಮನೆಗೆ ಹೋಗುವ ಗಾಡಿಗೆ ಏರಿಸುವಾಗ ಒಂದು ಕಡೆ ಅವರೇ ಕೈ ಕೊಟ್ಟರು.

ಹೂಂ ಮೇಡಂ ಬಂದರಿನ ಕಚೇರಿಯಲ್ಲಿ ಕೂತು ರದ್ದಾದ ಸಾಲನ್ನು ಮತ್ತೆ ಬರೆಸಿದಳು. ನಗರಕ್ಕೆ ಫೋನಿನಲ್ಲಿ ಒಂದೊಂದು ಅಕ್ಷರವೂ ಹೇಳಿ ಬರೆಸಿದಳು. ಐದೂ ನಲವತ್ತಕ್ಕೆ ಮೂರೂ ಕಡೆ ಒಂದೇ ಆಯಿತು. ನಗರದ ಮೇಷ್ಟ್ರು ಎರಡು ದಿನ ಮೂಟೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಭಾನುವಾರ ಗುಡ್ಡಕ್ಕೆ ಹೊರಟರು. ಸೋಮವಾರ ಮೂರು ಶಾಲೆಯಲ್ಲೂ ಲೆಕ್ಕದ ತರಗತಿ ನಡೆಯಿತು. ಹೊರಗಿನವರು ನೋಡಿದರೆ ಏನೂ ಆಗಿರಲೇ ಇಲ್ಲ.

ವರದಿ ಬರೆಯುವುದು ಉಳಿದಿತ್ತು. ಸಾಹೇಬರು ಅವಳ ಕೋಣೆಗೇ ಬಂದರು. ಹಾಗೆ ಬಂದದ್ದು ಅದೇ ಮೊದಲು.

"ತಾಂತ್ರಿಕ ದೋಷ ಅಂತ ಒಂದು ಸಾಲು ಬರೆದ್ರೆ ಸಾಕಲ್ವಾ?"

"ಡಿಸ್ಕ್ ಕೆಟ್ಟದ್ದು ತಾಂತ್ರಿಕ ದೋಷ ಸರ್. ಅದನ್ನ ಬರೀತೀನಿ. ಕೇಬಲ್ ಕಡಿದದ್ದನ್ನೂ ಬರೀತೀನಿ."

"ಆಮೇಲೆ?"

"ಆಮೇಲೆ ಗುರುವಾರ ಮಧ್ಯಾಹ್ನದ್ದು."

ಅವಳು ಬರೆದದ್ದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ. ಇಷ್ಟು ಗಂಟೆಗೆ ಇದಾಯಿತು, ಇಷ್ಟು ಗಂಟೆಗೆ ಇಂಥವರು ಹೀಗೆ ಹೇಳಿದರು. ತೀರ್ಮಾನವನ್ನು ಒಂದೇ ಡಿಸ್ಕಿನಲ್ಲಿ ಬರೆಯುವ ಏರ್ಪಾಟು ಮಾಡಿದ್ದು ತನ್ನ ತಪ್ಪು ಎಂಬುದನ್ನೂ ಬರೆದಳು. ಫೋನಿನ ಕಾಲದ ನೋಟ್‌ಬುಕ್ಕಿಗೆ ಕಾರ್ಬನ್ ಪ್ರತಿ ಇಡುತ್ತಿದ್ದವಳು, ಯಂತ್ರ ಬಂದ ಮೇಲೆ ಅದನ್ನು ಬಿಟ್ಟುಬಿಟ್ಟಿದ್ದಳು. ಸಾಹೇಬರು ವರದಿಯನ್ನು ಹದಿನೈದು ದಿನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡು, ಹದಿನಾರನೆಯ ದಿನ ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಮೇಲಿನವರು ಎರಡನೆಯ ಯಂತ್ರ ಮಂಜೂರು ಮಾಡಿದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಸಾಹೇಬರು ಅವಳ ಜೊತೆ ಮೂರು ತಿಂಗಳು ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ನಾಲ್ಕನೆಯ ತಿಂಗಳು ತಮ್ಮ ಮಗಳ ಕಾಲೇಜಿನ ವಿಷಯಕ್ಕೆ ಸಲಹೆ ಕೇಳಲು ಬಂದರು.

ಬಂದರಿನ ಮೇಷ್ಟ್ರ ಅರ್ಜಿಗೆ ಜೊತೆ ಸಿಕ್ಕಿದ್ದು ಎರಡೂವರೆ ವರ್ಷದ ಮೇಲೆ. ಈ ನಡುವೆ ಹೂಂ ಮೇಡಂ ಪ್ರೋಗ್ರಾಮಿಗೆ ಒಂದು ಸಣ್ಣ ಭಾಗ ಸೇರಿಸಿದ್ದಳು: ಕಚೇರಿಗಳನ್ನು ಕೇಳುವ ಹಿಂದಿನ ದಿನ ಆಯಾ ಮೇಷ್ಟ್ರುಗಳಿಗೇ ಒಂದು ಸಂದೇಶ ಹೋಗುತ್ತಿತ್ತು, ಈಗಲೂ ಇಷ್ಟವಿದೆಯೇ ಎಂದು. ಕಚೇರಿಯವರು ಮೂಗು ಮುರಿದರು. ಇದರಿಂದ ಹತ್ತರಲ್ಲಿ ಒಂದು ವರ್ಗಾವಣೆ ಮುರಿದು ಬೀಳುತ್ತದೆ ಎಂದರು. ಬೀಳುತ್ತಿದ್ದದ್ದು ನಿಜ. ಮೇಷ್ಟ್ರಿಂದ ಅದೇ ದಿನ ಉತ್ತರ ಬಂತು: ಊಹೂಂ. ನಗರದ ಶಾಲೆ ಒಗ್ಗಿಹೋಗಿತ್ತೋ, ಹೆಂಡತಿ ಒಪ್ಪಲಿಲ್ಲವೋ, ಸಮುದ್ರ ಬೇಡವಾಗಿತ್ತೋ, ಅವರು ಬರೆಯಲಿಲ್ಲ. ಅವಳು ಕಡತ ಮುಚ್ಚಿ ಬದಿಗಿಟ್ಟಳು.

ಅವಳು ನಿವೃತ್ತಳಾಗುವ ಹೊತ್ತಿಗೆ ಇಲಾಖೆ ಹನ್ನೊಂದು ಡೇಟಾಬೇಸನ್ನೂ ಸೇರಿಸಿ ಒಂದೇ ಮಾಡುವ ಯೋಜನೆ ಹಾಕಿತ್ತು. ಒಂದೇ ಆದರೆ ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಕಾಯಬೇಕಿಲ್ಲ ಎಂದು ಹೊಸ ಅಧಿಕಾರಿಗಳು ಹೇಳಿದರು. ಒಳ್ಳೆಯದಾಯಿತು ಎಂದಳು ಅವಳು. ಹಾಗೆಂದೇ ಅವಳಿಗೆ ಅನಿಸಿತ್ತು ಕೂಡ. ಕೊನೆಯ ದಿನ ಸಹೋದ್ಯೋಗಿಗಳು ಗೋಡೆ ಗಡಿಯಾರ ಕೊಟ್ಟರು. ಅತ್ತಿಗೆ ಆಟೋ ತಂದು ಗೇಟಿನಲ್ಲಿ ನಿಲ್ಲಿಸಿಕೊಂಡಿದ್ದಳು. ಗಡಿಯಾರವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತು, ಅದನ್ನು ಅಡುಗೆಮನೆಯಲ್ಲಿ ಹಾಕುವುದೋ ಹೊರಗಿನ ಕೋಣೆಯಲ್ಲಿ ಹಾಕುವುದೋ ಎಂದು ದಾರಿಯುದ್ದಕ್ಕೂ ಇಬ್ಬರೂ ವಾದ ಮಾಡಿದರು.